ಮನಾಲಿ–ಲೇಹ್ ದಾರಿ: ಮೊದಲು ಕೆಫೆಯೋ, ಕಕ್ಕಸೋ?

ಡೊಂಬಿವಲಿ ದಾರಿಹೋಕ:

ಜುಲೈನಲ್ಲಿ ನಾವು ನಾಲ್ಕು ಜನ ಲಡಾಖ್‌ಗೆ ಹೋಗಿ ಬಂದೆವು. ನಾನು, ನನ್ನವಳು, ಅಕ್ಕ, ಭಾವ. ಅಕ್ಕನಿಗೆ 61 ವರ್ಷ, ಸಕ್ಕರೆ ಕಾಯಿಲೆ ಬೇರೆ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಗಾಡಿ. ಫೋಟೊ ಎಲ್ಲ ಆಗಲೇ ಹಾಕಿಯಾಗಿದೆ, ಲೈಕೂ ಬಂದಿದೆ. ಫೋಟೊದಲ್ಲಿ ಕಾಣದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಮನಾಲಿ ಬಿಟ್ಟು ಸ್ವಲ್ಪ ಹೊತ್ತಿಗೆ ಅಟಲ್ ಸುರಂಗ. 9.02 ಕಿಲೋಮೀಟರ್ ಉದ್ದ, 2020ರ ಅಕ್ಟೋಬರ್‌ನಲ್ಲಿ ತೆರೆದದ್ದು. ಮೊದಲು ರೋಹ್ತಾಂಗ್ ಘಾಟಿ ಹತ್ತಿ ಇಳಿಯಲು ಅರ್ಧ ದಿನ ಹೋಗುತ್ತಿತ್ತಂತೆ. ಈಗ ಹತ್ತು ಹದಿನೈದು ನಿಮಿಷಕ್ಕೆ ಆಚೆಯ ಲಾಹೌಲ್ ಕಣಿವೆಯಲ್ಲಿ ಇರುತ್ತೀರಿ. ಮೊದಲ ದಿನ ಏನೂ ತೊಂದರೆ ಆಗಲಿಲ್ಲ. ಸಿಸ್ಸುವಿನಲ್ಲಿ ಹೋಟೆಲ್ ಇದೆ, ಕೇಲಾಂಗ್‌ನಲ್ಲಿ ಇದೆ, ರಾತ್ರಿ ಜಿಸ್ಪಾದಲ್ಲಿ ಮಲಗಿದೆವು. ನಡುವೆ ತಾಂಡಿಯಲ್ಲಿ ಪೆಟ್ರೋಲ್ ಬಂಕ್. ಮುಂದಿನ ಬಂಕ್ 365 ಕಿಲೋಮೀಟರ್ ದೂರ ಅಂತ ಅಲ್ಲಿ ಒಂದು ಬೋರ್ಡ್. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಮುಂದಿನ ಕಕ್ಕಸು ಎಷ್ಟು ದೂರ ಅಂತ ಬೋರ್ಡ್ ಇರಲಿಲ್ಲ.

ಎರಡನೇ ದಿನ ಗೊತ್ತಾಯಿತು. ದಾರ್ಚಾ ದಾಟಿದ ಮೇಲೆ ಮರ ಇಲ್ಲ. ಪೊದೆ ಕೂಡ ಇಲ್ಲ. ಬೆಟ್ಟ ಅಂದರೆ ಬರೀ ಕಲ್ಲು, ಜಲ್ಲಿ, ಮಣ್ಣು. ಗಂಡಸರಿಗೆ ಏನು, ಗಾಡಿ ನಿಲ್ಲಿಸಿ ಬೆನ್ನು ತಿರುಗಿಸಿದರೆ ಆಯಿತು. ನಾನೂ ಭಾವನೂ ಬಾರಾಲಾಚಾ ಘಾಟಿ ಹತ್ತುವುದರೊಳಗೆ ಮೂರು ಸಲ ಇಳಿದೆವು. ಅಕ್ಕ ಇಳಿಯಲೇ ಇಲ್ಲ. "ನನಗೇನೂ ಬೇಡ, ನೀವು ಹೋಗಿ ಬನ್ನಿ" ಅಂದಳು.

ಸರ್ಚು ಮುಟ್ಟುವಷ್ಟರಲ್ಲಿ ಅವಳಿಗೆ ತಲೆ ಸಿಡಿಯುತ್ತಿತ್ತು. ವಾಂತಿ ಬಂದ ಹಾಗೆ ಆಗುತ್ತಿತ್ತು. ಡ್ರೈವರ್ ಲಾಹೌಲ್‌ನ ಹುಡುಗ, ನೀರು ಎಷ್ಟು ಕುಡಿದಿರಿ ಅಂತ ಕೇಳಿದ. ನಾನು ಅವಳ ಚೀಲ ತೆಗೆದು ನೋಡಿದೆ. ಬೆಳಿಗ್ಗೆ ಜಿಸ್ಪಾದಲ್ಲಿ ಕೊಟ್ಟ ಬಾಟಲಿ ಹಾಗೇ ಇತ್ತು. ಸೀಲ್ ಕೂಡ ಒಡೆದಿರಲಿಲ್ಲ. ಯಾಕಕ್ಕಾ ಅಂದೆ. "ಕುಡಿದರೆ ಎಲ್ಲಿ ಕೂರಲಿ ತಮ್ಮಾ?" ಅಂದಳು.

ನನಗೆ ಆಗ ಆದ ನಾಚಿಕೆ ಯಾವತ್ತೂ ಆಗಿರಲಿಲ್ಲ. ಮೂರು ತಿಂಗಳು ಕೂತು ಪ್ಲಾನ್ ಮಾಡಿದ್ದೆ. ಯಾವ ಘಾಟಿ ಎಷ್ಟು ಮೀಟರ್, ಎಲ್ಲಿ ಡೀಸೆಲ್, ಎಲ್ಲಿ ನೆಟ್‌ವರ್ಕ್, ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ಇದೊಂದು ಹೊಳೆದಿರಲೇ ಇಲ್ಲ.

ಮಾರನೇ ದಿನ ನನ್ನವಳು ಉಪಾಯ ಮಾಡಿದಳು. ಗಾಟಾ ಲೂಪ್ಸ್ ಅನ್ನುವ ಸಾಲು ತಿರುವುಗಳನ್ನು ದಾಟಿ ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಒಂದೇ ಬದಿಯ ಎರಡೂ ಬಾಗಿಲು ತೆಗೆದಳು. ನಡುವೆ ಶಾಲು ಕಟ್ಟಿದಳು. ಮೇಲೆ ಮುಂಬೈ ಮಳೆಗೆಂದು ತಂದಿದ್ದ ಕೊಡೆ. ನಾನು, ಭಾವ, ಡ್ರೈವರ್ ಐವತ್ತು ಹೆಜ್ಜೆ ಆಚೆ ನಿಂತು ಬೆಟ್ಟ ನೋಡುತ್ತಿದ್ದೆವು. ಅಷ್ಟರಲ್ಲಿ ಗಾಳಿ ಬಂತು ನೋಡಿ. ಕೊಡೆ ಉಲ್ಟಾ ಆಯಿತು, ಶಾಲು ಹಾರಿ ಕೆಳಗಿನ ತಿರುವಿಗೆ ಹೋಯಿತು. ಅಕ್ಕ ಮೊದಲು ಕಿರುಚಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಇನ್ನೊಂದು ಮಾತು. ದಾರಿಯಲ್ಲಿ ಒಂದು ಕಡೆ ಹೊಸ ಶೌಚಾಲಯ ಇತ್ತು. ಎರಡು ಬಾಗಿಲು, ಹಸಿರು ತಗಡಿನ ಮಾಡು, ಗಂಡು ಹೆಣ್ಣಿನ ಚಿತ್ರ. ಎರಡಕ್ಕೂ ಬೀಗ. ಬೀಗದ ಮೇಲೆ ತುಕ್ಕು. ಪಕ್ಕದ ಢಾಬಾದವನನ್ನು ಕೇಳಿದರೆ ಬೀಗದ ಕೈ ಇರುವವನು ಊರಿಗೆ ಹೋಗಿದ್ದಾನೆ ಅಂದ. ಯಾವಾಗ ಹೋದದ್ದು ಅಂದೆ. ಹೋದ ವರ್ಷ ಅಂದ. ಯಾವ ಇಲಾಖೆ ಅಂತ ಇಲ್ಲಿ ಹೇಳಲ್ಲ, ಹೇಳಿ ಪ್ರಯೋಜನವೂ ಇಲ್ಲ.

2022ರ ಜೂನ್‌ನಲ್ಲಿ ರಕ್ಷಣಾ ಇಲಾಖೆ ಒಂದು ಯೋಜನೆ ಪ್ರಕಟಿಸಿತ್ತು. ಗಡಿ ರಸ್ತೆ ಸಂಸ್ಥೆಯ (ಬಿಆರ್‌ಒ) ರಸ್ತೆಗಳ ಬದಿಯಲ್ಲಿ, 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಒಟ್ಟು 75 ಕಡೆ ಪ್ರವಾಸಿಗರಿಗೆ ಸೌಲಭ್ಯ. ಪಾರ್ಕಿಂಗ್, ಊಟ ತಿಂಡಿ, ಗಂಡಸರಿಗೆ ಹೆಂಗಸರಿಗೆ ಅಂಗವಿಕಲರಿಗೆ ಬೇರೆ ಬೇರೆ ಶೌಚಾಲಯ, ಪ್ರಥಮ ಚಿಕಿತ್ಸೆ. ಖಾಸಗಿಯವರು ಕಟ್ಟಿ ನಡೆಸಬೇಕು, ಲೈಸೆನ್ಸ್ 15 ವರ್ಷಕ್ಕೆ. ಹೆಸರು ಬಿಆರ್‌ಒ ಕೆಫೆ. ಯೋಚನೆ ಒಳ್ಳೆಯದೇ. ಆದರೆ ಹೆಸರಿನಲ್ಲೇ ಕೆಫೆ ಮುಂದೆ ಬಂತು, ಕಕ್ಕಸು ಮೂರನೇ ಸಾಲಿಗೆ ಹೋಯಿತು. ಅಲ್ವಾ?

ಇಲ್ಲಿ ಹೋಟೆಲ್ ನಡೆಸುವವರು ಇದ್ದೀರಿ, ರಸ್ತೆ ಮಾಡಿದವರು ಇದ್ದೀರಿ. ಆ ದಾರಿಯಲ್ಲಿ ನಿಜವಾಗಿ ಮೊದಲು ಏನು ಬೇಕು, ಅದನ್ನು ಯಾರು ನಡೆಸಬೇಕು? ಹೇಳಿ.


ಬೈಕ್ ಬಸ್ಯಾ, ಪುಣೆ:

ಅಣ್ಣಾ, ಕೆಫೆ ಬೇಡ ಅನ್ನಬೇಡಿ. ಲೇಹ್ ಆಚೆಯ ಖರ್ದುಂಗ್ ಲಾ ಘಾಟಿ ಮೇಲೆ 18,380 ಅಡಿಯಲ್ಲಿ ಕುಡಿದ ಚಹಾ ನಾನು ಸಾಯುವವರೆಗೂ ಮರೆಯಲ್ಲ. ಕೈ ಸೆಟೆದು ಹೋಗಿತ್ತು, ಗ್ಲಾಸ್ ಹಿಡಿದ ಮೇಲೆ ಬೆರಳು ಇದೆ ಅಂತ ಗೊತ್ತಾಯಿತು.

ನನ್ನ ಲಿಸ್ಟ್ ಬೇರೆ. ಒಂದು ಪಂಕ್ಚರ್ ಅಂಗಡಿ. ಮೋರೆ ಬಯಲಿನಲ್ಲಿ ಹಿಂದಿನ ಚಕ್ರ ಕೂತಿತು, ಎರಡೂವರೆ ಗಂಟೆ ನಿಂತಿದ್ದೆ. ಲಾರಿಯವನೊಬ್ಬ ಪಂಪ್ ಕೊಟ್ಟು, ಅವನೇ ಪ್ಯಾಚ್ ಹಾಕಿ, ದುಡ್ಡು ಬೇಡ ಅಂದು ಹೋದ. ಇನ್ನೊಂದು ನೆಟ್‌ವರ್ಕ್. ನಮ್ಮ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಸುಮ್ನೆ ಪ್ಲಾಸ್ಟಿಕ್ ತುಂಡು.


ಥಾಣೆ ಟೀಚರ್:

ಬಸವಾ, ನಿನಗೆ ಇಡೀ ಹಿಮಾಲಯವೇ ಕಕ್ಕಸು. ನಿನ್ನ ಲಿಸ್ಟ್‌ನಲ್ಲಿ ಅದು ಯಾಕೆ ಬರುತ್ತೆ?

ದಾರಿಹೋಕರೇ, ನಿಮ್ಮ ಅಕ್ಕ ಮಾಡಿದ್ದನ್ನೇ ನಾವು ಎಲ್ಲ ಹೆಂಗಸರೂ ಮಾಡುತ್ತೇವೆ. ಲಡಾಖ್‌ವರೆಗೆ ಹೋಗಬೇಕಿಲ್ಲ. ಮುಂಬೈಯಿಂದ ಕುಂದಾಪುರಕ್ಕೆ ಗೋವಾ ಹೈವೇಯಲ್ಲಿ ಕಾರಿನಲ್ಲಿ ಹೋಗುವಾಗ ನಾನು ಪನ್ವೇಲ್ ದಾಟಿದ ಮೇಲೆ ನೀರು ಮುಟ್ಟುವುದಿಲ್ಲ. ಅಲ್ಲಿ ತಡೆದುಕೊಂಡರೆ ಹೊಟ್ಟೆ ನೋವು. ಅಷ್ಟು ಎತ್ತರದಲ್ಲಿ ನೀರು ಕುಡಿಯದಿದ್ದರೆ ಆಸ್ಪತ್ರೆ.

ಯಾರೂ ಹೇಳದ ಇನ್ನೊಂದು ವಿಷಯ ಇದೆ, ಅದನ್ನು ನಾನೇ ಹೇಳುತ್ತೇನೆ. ಮುಟ್ಟು. ನಾನು ಹೋದಾಗ ಇದೇ ದಾರಿಯ ಪಾಂಗ್‌ನಲ್ಲಿ ಶುರುವಾಯಿತು. ಅಲ್ಲಿ ಊಟ ಕೊಡುವ ಟೆಂಟ್‌ನ ಹೆಂಗಸಿನ ಹತ್ತಿರ ಕೈಸನ್ನೆಯಲ್ಲಿ ಕೇಳಿದೆ. ಅವಳು ಹಿಂದಿನ ತಗಡಿನ ಗೂಡು ತೋರಿಸಿದಳು, ಒಂದು ಚೊಂಬು ಬಿಸಿ ನೀರೂ ಕೊಟ್ಟಳು. ಆದರೆ ಪ್ಯಾಡ್ ಎಲ್ಲಿ ಹಾಕುವುದು? ಬುಟ್ಟಿ ಇಲ್ಲ. ಹಾಳೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಲೇಹ್‌ವರೆಗೆ ನನ್ನ ಬ್ಯಾಗಿನಲ್ಲೇ ತಂದೆ. ಕೆಫೆಯ ನಕ್ಷೆ ಬರೆಯುವವರು ಕಾಫಿ ಮೆಷಿನ್‌ಗೆ ಜಾಗ ಬಿಡುವ ಮೊದಲು ಒಂದು ಮುಚ್ಚಳದ ಬುಟ್ಟಿಗೆ ಜಾಗ ಬಿಡಲಿ.

ಮಾಟುಂಗಾ ಮಾಮ ಎಲ್ಲಿದ್ದಾರೆ? ಹೋಟೆಲ್ ವಿಷಯ ಅವರು ಮಾತಾಡಲಿ.


ಮಾಟುಂಗಾ ಮಾಮ:

ಇದ್ದೇನೆ ಮಾರಾಯ್ರೆ. ಮಧ್ಯಾಹ್ನದ ಊಟದ ಗಲಾಟೆ ಮುಗಿಯಲಿ ಅಂತ ಕಾದಿದ್ದೆ.

ನಾನು ಲಡಾಖ್‌ಗೆ ಹೋದದ್ದು ಒಂದೇ ಸಲ, ಮಗ ಕರೆದುಕೊಂಡು ಹೋದ. ಅಲ್ಲಿ ಬೆಟ್ಟ ನೋಡಿದ್ದಕ್ಕಿಂತ ಅಡಿಗೆಮನೆ ನೋಡಿದ್ದೇ ಜಾಸ್ತಿ. ನಲವತ್ತು ವರ್ಷದ ಅಭ್ಯಾಸ, ಏನು ಮಾಡುವುದು. ಪಾಂಗ್ ಸುಮಾರು 4,600 ಮೀಟರ್ ಎತ್ತರ. ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಾ ಇರುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲ ಟೆಂಟಿನಲ್ಲೂ ಕುಕ್ಕರ್. ಬೇಳೆ, ಅನ್ನ, ರಾಜ್ಮಾ ಎಲ್ಲ ಅದರಲ್ಲೇ. ಮ್ಯಾಗಿ ಯಾಕೆ ಅಷ್ಟು ನಡೆಯುತ್ತದೆ ಅಂತ ಈಗ ಗೊತ್ತಾಯಿತಲ್ಲ, ಕಡಿಮೆ ಬಿಸಿಯಲ್ಲಿ ಬೇಗ ಬೇಯುವುದು ಅದೊಂದೇ. ಚಳಿಗೆ ಸಿಲಿಂಡರ್‌ನಿಂದ ಗ್ಯಾಸ್ ಸರಿಯಾಗಿ ಬರುವುದಿಲ್ಲ, ಸೀಮೆಎಣ್ಣೆ ಸ್ಟೌ ಇಟ್ಟುಕೊಂಡಿರುತ್ತಾರೆ. ನಮ್ಮ ದೋಸೆ ಹಿಟ್ಟನ್ನು ಅಲ್ಲಿ ಇಟ್ಟರೆ ಮೂರು ದಿನಕ್ಕೂ ಹುಳಿ ಬರಲಿಕ್ಕಿಲ್ಲ. ಕಂಬಳಿ ಹೊದಿಸಿ ಪಕ್ಕದಲ್ಲಿ ಮಲಗಿಸಿಕೊಳ್ಳಬೇಕು.

ಈಗ ಲೆಕ್ಕಕ್ಕೆ ಬರುವಾ. ಆ ರಸ್ತೆಯಲ್ಲಿ ಪ್ರವಾಸಿಗರ ಓಡಾಟ ಜೋರಾಗುವುದು ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ಗೋ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಿಮ ಬಿದ್ದು ಅದು ನಿಲ್ಲುತ್ತದೆ. ವ್ಯಾಪಾರ ಐದು ತಿಂಗಳು, ಬಾಡಿಗೆ, ಬಡ್ಡಿ, ಕಟ್ಟಡದ ರಿಪೇರಿ ಹನ್ನೆರಡು ತಿಂಗಳು. ಹುಡುಗರನ್ನು ನಮ್ಮ ಕಡೆಯಿಂದ ಒಯ್ದರೆ ಮೊದಲ ವಾರ ಅವರಿಗೇ ಆಕ್ಸಿಜನ್ ಕೊಡಬೇಕು. ಟೊಮೆಟೊ ಮನಾಲಿಯಿಂದ ಬರಬೇಕು. ಗಾಜಿನ ಗೋಡೆ, ಸೋಫಾ, ಕಾಫಿ ಮೆಷಿನ್ ಇಟ್ಟು ಕೂತರೆ ಎರಡನೇ ವರ್ಷಕ್ಕೆ ಬೀಗ. ಆ ಬೀಗಕ್ಕೂ ತುಕ್ಕು ಹಿಡಿಯುತ್ತದೆ.

ಟೆಂಟಿನ ಹೆಂಗಸರನ್ನು ನೋಡಿ. ಹಳೇ ಪ್ಯಾರಾಚೂಟ್ ಬಟ್ಟೆಯ ಟೆಂಟ್, ನಡುವೆ ಸ್ಟೌ, ಸುತ್ತ ಸಾಲಾಗಿ ಹಾಸಿಗೆ. ಹಗಲು ಅದೇ ಕೂರುವ ಜಾಗ, ರಾತ್ರಿ ಅದೇ ಮಲಗುವ ಜಾಗ. ಕೈ ಚಾಚಿದರೆ ಸಕ್ಕರೆ, ಕಾಲು ಚಾಚಿದರೆ ಗಲ್ಲೆ. ಸೀಸನ್ ಮುಗಿದರೆ ಮಡಚಿ ಲಾರಿಗೆ ಹಾಕಿದರು, ಮನೆಗೆ ಹೋದರು. ನಾನು ನಲವತ್ತು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಹೋಟೆಲ್ ನೋಡಲಿಲ್ಲ. ಅವರಿಗೆ ನಾವು ಕಲಿಸುವುದು ಏನೂ ಇಲ್ಲ.

ಒಂದು ಬಿಟ್ಟು. ಅದು ನಮಗೂ ತಡವಾಗಿ ಗೊತ್ತಾದದ್ದು. ನಮ್ಮ ಹಳೇ ಹೋಟೆಲುಗಳಲ್ಲಿ ಕೈತೊಳೆಯುವ ಜಾಗ ಇರುತ್ತಿತ್ತು, ಕಕ್ಕಸು ಇರುತ್ತಿರಲಿಲ್ಲ. ಇದ್ದರೂ ಹುಡುಗರಿಗೆ ಮಾತ್ರ. ಗಿರಾಕಿ ಕೇಳಿದರೆ "ಬಾಜೂ ಮೆ ದೇಖೋ" ಅನ್ನುತ್ತಿದ್ದೆವು. ಪುಣೆ ಎಕ್ಸ್‌ಪ್ರೆಸ್‌ವೇ ಆಯಿತು, 2002ರಲ್ಲಿ ಪೂರ್ತಿ ತೆರೆಯಿತು, ಫುಡ್ ಮಾಲ್‌ಗಳು ಬಂದವು. ನನ್ನ ಭಾವಮೈದ ಅಂಥದ್ದೊಂದರಲ್ಲಿ ಅಂಗಡಿ ಹಾಕಿದ. ಒಂದು ದಿನ ಅವನ ಗಲ್ಲೆಯ ಹತ್ತಿರ ಕೂತು ನೋಡಿದೆ. ಬಸ್ಸಿನಿಂದ ಇಳಿದವರು ಯಾರೂ ಅಂಗಡಿ ಕಡೆ ನೋಡುವುದಿಲ್ಲ. ಓಡುವುದು ಕಕ್ಕಸಿಗೆ. ಬರುವಾಗ ಮುಖ ಅರಳಿರುತ್ತದೆ, ಆಗ ವಡಾಪಾವ್ ಕಾಣುತ್ತದೆ. ಗಿರಾಕಿ ಗಾಡಿಯಿಂದ ಇಳಿಯುವುದು ಹೊಟ್ಟೆಗೆ ಅಲ್ಲ. ಹೊಟ್ಟೆ ನೆನಪಾಗುವುದು ಆಮೇಲೆ.

ಹಾಗಾಗಿ ಕಕ್ಕಸು ಧರ್ಮಕ್ಕೆ ಕಟ್ಟುವುದಲ್ಲ, ಅದೇ ವ್ಯಾಪಾರದ ಮುಂಬಾಗಿಲು. ನಾನಾದರೆ ಅದನ್ನು ತೊಳೆಯುವವನಿಗೆ ಅಡಿಗೆ ಭಟ್ಟರಿಗಿಂತ ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ. ಭಟ್ಟರಿಗೆ ಇದನ್ನು ಹೇಳಬೇಡಿ.


ಬೈಕ್ ಬಸ್ಯಾ, ಪುಣೆ:

ಟೀಚರ್, ತಪ್ಪಾಯಿತು. ನನ್ನ ಲಿಸ್ಟ್ ವಾಪಸ್. ಪಂಕ್ಚರ್ ಅಂಗಡಿ ಮಾತ್ರ ಇರಲಿ.


ಖಡಕಿ ಫೌಜಿ:

ನಮಸ್ಕಾರ್ರೀ. ನಾನು ಗಡಿ ರಸ್ತೆ ಸಂಸ್ಥೆಯಲ್ಲಿ, ಲಡಾಖ್‌ನ ರಸ್ತೆ ನೋಡಿಕೊಳ್ಳುವ ಹಿಮಾಂಕ್ ಪ್ರಾಜೆಕ್ಟಿನಲ್ಲಿ ಕೆಲವು ವರ್ಷ ಇದ್ದವನು. ಊರು ಗದಗ, ಈಗ ಪುಣೆಯಲ್ಲಿ ಪೆನ್ಶನ್.

ಮೊದಲು ಬಸ್ಯಾನಿಗೆ. ತಮ್ಮಾ, 18,380 ಅಡಿ ಅನ್ನುವುದು ಬೋರ್ಡಿನ ಎತ್ತರ. ಸರಿಯಾಗಿ ಅಳೆದರೆ ಖರ್ದುಂಗ್ ಲಾ 17,582 ಅಡಿ. ಚಹಾದ ರುಚಿ ಕಡಿಮೆ ಆಗುವುದಿಲ್ಲ ಬಿಡು.

ದಾರಿಹೋಕರೇ, ನಿಮ್ಮ ಅಕ್ಕನಿಗೆ ತಲೆ ಸಿಡಿದದ್ದು ನೀರಿನಿಂದ ಮಾತ್ರ ಅಲ್ಲ. ಮನಾಲಿ ಸುಮಾರು 2,050 ಮೀಟರ್, ಸರ್ಚು 4,290. ಎರಡೇ ದಿನದಲ್ಲಿ ಅಷ್ಟು ಹತ್ತಿ ಅಲ್ಲೇ ಮಲಗಿದರೆ ಗಟ್ಟಿಮುಟ್ಟಾದ ಜವಾನನಿಗೂ ತಲೆ ಹಿಡಿಯುತ್ತದೆ. ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಎರಡು ರಾತ್ರಿ ಇರಬೇಕಿತ್ತು. 61 ವರ್ಷದವರನ್ನು ಕರೆದುಕೊಂಡು ಹೋಗುವಾಗ ಡಾಕ್ಟರನ್ನು ಕೇಳಿಯೇ ಹೊರಡಬೇಕಿತ್ತು. ಬೈಯುತ್ತಿಲ್ಲ, ಮುಂದೆ ಹೋಗುವವರು ಓದಲಿ ಅಂತ.

ಈಗ ಕಕ್ಕಸಿನ ಕೆಲಸ. ಕೆಳಗಿನ ಊರಿನವರು ನಕ್ಷೆ ಬರೆದರೆ ಸೆಪ್ಟಿಕ್ ಟ್ಯಾಂಕ್, ಫ್ಲಶ್, ಮೇಲೆ ಸಿಂಟೆಕ್ಸ್ ಬರೆಯುತ್ತಾರೆ. ಅಲ್ಲಿ ಸೆಪ್ಟೆಂಬರ್ ಕೊನೆಗೇ ರಾತ್ರಿ ಪೈಪಿನಲ್ಲಿ ನೀರು ಗಟ್ಟಿಯಾಗುತ್ತದೆ. ಗಟ್ಟಿಯಾದ ನೀರು ಹಿಗ್ಗುತ್ತದೆ, ಪೈಪ್ ಒಡೆಯುತ್ತದೆ. ಟ್ಯಾಂಕಿನ ಒಳಗೆ ಕೊಳೆಸುವ ಬ್ಯಾಕ್ಟೀರಿಯಾ ಚಳಿಗೆ ಕೆಲಸ ನಿಲ್ಲಿಸುತ್ತದೆ. ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ತುಂಬಿದರೆ ಖಾಲಿ ಮಾಡಲು ಟ್ಯಾಂಕರ್ ಎಲ್ಲಿಂದ ಬರಬೇಕು? ತುಕ್ಕು ಹಿಡಿದ ಬೀಗದ ಕಥೆ ನೀವು ಹೇಳಿದಿರಿ. ಬೀಗದ ಕೈ ಹಿಡಿದವನದಲ್ಲ ತಪ್ಪು. ಒಂದು ಚಳಿಗಾಲ ಕಳೆದ ಮೇಲೆ ಆ ಕಟ್ಟಡದಲ್ಲಿ ತೆರೆದಿಡಲು ಏನೂ ಉಳಿದಿರುವುದಿಲ್ಲ.

ಲಡಾಖಿ ಮನೆಗಳಲ್ಲಿ ಇದಕ್ಕೆ ಉತ್ತರ ಇದೆ. ಎರಡು ಅಂತಸ್ತಿನ ಸಣ್ಣ ಕೋಣೆ. ಮೇಲಿನ ನೆಲದಲ್ಲಿ ಒಂದು ಕಿಂಡಿ. ಮೂಲೆಯಲ್ಲಿ ಒಣ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಒಂದು ಸಲಿಕೆ ಮಣ್ಣು ಕೆಳಗೆ ತಳ್ಳಬೇಕು, ಅಷ್ಟೇ. ನೀರು ಬೇಡ, ವಾಸನೆ ಇಲ್ಲ. ಕೆಳಗೆ ಬಿದ್ದದ್ದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ನಾನು ಮೊದಲ ಸಲ ನೋಡಿದಾಗ ಸಲಿಕೆ ಯಾಕೆ ಅಂತ ತಿಳಿಯದೆ ಹಾಗೇ ಹೊರಗೆ ಬಂದೆ. ಮನೆಯ ಅಜ್ಜಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಸಲಿಕೆ ಕೈಗೆ ಕೊಟ್ಟಳು. ಯೂನಿಫಾರ್ಮಿನಲ್ಲಿದ್ದೆ ನಾನು.

ಇದು ಕೆಡುವುದು ನಮ್ಮಂಥವರಿಂದ. ನೀರು ಸುರಿಯುತ್ತೇವೆ, ಬಾಟಲಿ ಹಾಕುತ್ತೇವೆ, ಪ್ಯಾಡ್ ಹಾಕುತ್ತೇವೆ. ಒದ್ದೆಯಾದರೆ ಮುಗಿಯಿತು, ನಾರುತ್ತದೆ. ಅದಕ್ಕೇ ಟೀಚರ್ ಹೇಳಿದ ಬುಟ್ಟಿ ಬಹಳ ಮುಖ್ಯ. ರಕ್ಷಣಾ ಸಂಶೋಧನೆಯ ಡಿಆರ್‌ಡಿಒದವರು ಚಳಿಯಲ್ಲೂ ಕೆಲಸ ಮಾಡುವ ಬ್ಯಾಕ್ಟೀರಿಯಾ ಬೆಳೆಸಿ ಬಯೋ ಡೈಜೆಸ್ಟರ್ ಮಾಡಿದ್ದಾರೆ, ಸೇನೆಗೆಂದೇ ಶುರುವಾದದ್ದು. ಅದೂ ನಡೆಯುತ್ತದೆ, ಆದರೆ ಟ್ಯಾಂಕ್ ಬೆಚ್ಚಗಿರಬೇಕು, ನೋಡಿಕೊಳ್ಳುವವನು ಇರಬೇಕು. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಕಪ್ಪು ಬಳಿದು ಮುಂದೆ ಗಾಜು ನಿಲ್ಲಿಸಿದರೆ ಹಗಲಿನ ಬಿಸಿಲು ರಾತ್ರಿಗೆ ಉಳಿಯುತ್ತದೆ. ಲಡಾಖ್‌ನಲ್ಲಿ ಮನೆಗಳನ್ನೇ ಹೀಗೆ ಬೆಚ್ಚಗೆ ಇಡುತ್ತಾರೆ.

ಜಾಗದ ಬಗ್ಗೆ ಒಂದು ಮಾತು. ಎಲ್ಲರಿಗೂ ಘಾಟಿಯ ತುದಿಯಲ್ಲಿ ಕೆಫೆ ಬೇಕು, ಫೋಟೊ ಚೆನ್ನಾಗಿ ಬರುತ್ತದೆ ಅಂತ. ತಂಗ್‌ಲಂಗ್ ಲಾ 5,328 ಮೀಟರ್. ಅಲ್ಲಿ ಹತ್ತು ನಿಮಿಷ ನಿಂತು ಕೆಳಗಿಳಿಯಬೇಕು. ಬಿಸಿ ಕಾಫಿ, ಕುರ್ಚಿ ಕೊಟ್ಟು ಒಂದು ಗಂಟೆ ಕೂರಿಸಿದರೆ ನೀವೇ ಕಾಯಿಲೆ ತರಿಸಿದ ಹಾಗೆ. ಕಟ್ಟುವುದಿದ್ದರೆ ದಾರ್ಚಾ, ಪತ್ಸೇವು, ಸರ್ಚು, ಪಾಂಗ್, ಆಮೇಲೆ ಆ ಕಡೆ ಇಳಿದು ರುಮ್ತ್ಸೆ. ಗಾಡಿಗಳು ಹೇಗೂ ನಿಲ್ಲುವ ಜಾಗ ಅವು.

ಇನ್ನೊಂದು. ಪ್ರವಾಸಿಗರ ಕಕ್ಕಸಿನ ಬಗ್ಗೆ ಇಷ್ಟು ಮಾತಾಡಿದೆವು. ಆ ರಸ್ತೆ ಮಾಡುವವರು ಯಾರು ಗೊತ್ತೇನ್ರೀ? ಬಹಳ ಜನ ಜಾರ್ಖಂಡಿನ ದುಮ್ಕಾ ಕಡೆಯವರು. ಬೇಸಿಗೆಗೆ ಬರುತ್ತಾರೆ, ಚಳಿಗೆ ಹೋಗುತ್ತಾರೆ. ತಿಂಗಳುಗಟ್ಟಲೆ ರಸ್ತೆ ಪಕ್ಕದಲ್ಲೇ ಇರುತ್ತಾರೆ. ನೀವು ಕೊಡೆ ಹಿಡಿದದ್ದು ಒಂದು ದಿನ.


ಡೊಂಬಿವಲಿ ದಾರಿಹೋಕ:

ಫೌಜಿ ಸರ್, ಬೈಗುಳ ಒಪ್ಪಿಕೊಂಡೆ. ಡಾಕ್ಟರ್ ಹತ್ತಿರ ಹೋಗಿದ್ದೆವು, ಎರಡು ರಾತ್ರಿ ಇರಿ ಅಂತ ಅವರೂ ಹೇಳಿದ್ದರು. ರಜೆ ಸಾಲುವುದಿಲ್ಲ ಅಂತ ಒಂದು ರಾತ್ರಿ ಕತ್ತರಿಸಿದವನು ನಾನೇ.

ಕೊನೆಯ ಮಾತು ಓದಿ ಸುಮ್ಮನಾದೆ. ಅವರನ್ನು ನೋಡಿದ್ದೇನೆ. ಡಾಂಬರಿನ ಡ್ರಮ್ ಬಿಚ್ಚಿ ತಟ್ಟಿ ಗೋಡೆ ಮಾಡಿಕೊಂಡಿದ್ದರು. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಒಬ್ಬ ಗಾಡಿಗೆ ಕೈ ಅಡ್ಡ ಹಿಡಿದ. ಡ್ರೈವರ್ ಗಾಡಿ ನಿಲ್ಲಿಸಿ ಎರಡು ಬಾಟಲಿ ನೀರು ಕೊಟ್ಟ. ಆ ದಾರಿಯ ಡ್ರೈವರ್‌ಗಳೆಲ್ಲ ಹಾಗೆ ಕೊಡುತ್ತಾರಂತೆ. ನಾನು ಆಗ ಅವನ ಫೋಟೊ ತೆಗೆಯಬೇಕು ಅಂತ ಮಾತ್ರ ಯೋಚಿಸಿದ್ದೆ.


ಮಡಗಾಂವ್ ಮೀನು:

ತಡವಾಗಿ ಬಂದೆ, ಮೊದಲಿನಿಂದ ಓದಿದೆ. ನಾನು ಕಾರವಾರದವಳು, ಗೋವಾದಲ್ಲಿ ಇಪ್ಪತ್ತು ವರ್ಷ. ಸೌಲಭ್ಯ ಅಂದ ಕೂಡಲೇ ನನಗೆ ಸ್ವಲ್ಪ ಹೆದರಿಕೆ. ಯಾಕೆ ಅಂತ ಹೇಳುತ್ತೇನೆ, ಜಗಳಕ್ಕೆ ಬರಬೇಡಿ.

ಮಾಮ ಹೇಳಿದ ಮಡಚಿ ಒಯ್ಯುವ ಟೆಂಟ್ ನಮ್ಮಲ್ಲೂ ಇದೆ. ಬೀಚ್‌ನ ಶಾಕ್. ಬಿದಿರು, ಮಡಲು, ಮರದ ಹಲಗೆ. ಸೀಸನ್‌ಗೆ ಕಟ್ಟಬೇಕು, ಮಳೆ ಬರುವ ಮೊದಲು ಬಿಚ್ಚಬೇಕು. ಪಕ್ಕಾ ಕಟ್ಟಡ ಕಟ್ಟುವ ಹಾಗಿಲ್ಲ. ಗೋವಾದವರಿಗೆ ಮಾತ್ರ, ಚೀಟಿ ಎತ್ತಿ ಕೊಡುತ್ತಾರೆ. ಕಾಗದದಲ್ಲಿ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ. ದುಡ್ಡು ಇಲ್ಲದವನಿಗೂ ಸಮುದ್ರದ ಎದುರು ಅಂಗಡಿ ಸಿಗುತ್ತದೆ, ಜಾಗ ಯಾರ ಹೆಸರಿಗೂ ಆಗುವುದಿಲ್ಲ.

ಕಾಗದದ ಆಚೆ ಏನಾಗುತ್ತದೆ ಅಂದರೆ, ಚೀಟಿ ಬಂದವನು ಹೊರಗಿನವನಿಗೆ ಒಳಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುತ್ತಾನೆ. ನಾನಿರುವ ಕಡೆ ಒಂದು ಶಾಕ್‌ನಲ್ಲಿ ಮೂರು ವರ್ಷದಲ್ಲಿ ಮೂರು ಮಾಲೀಕರು, ಬೋರ್ಡಿನ ಹೆಸರು ಒಂದೇ. ಹಿಂದುಗಡೆ ಮರಳಿನಲ್ಲಿ ಗುಂಡಿ ತೋಡಿ ಕೊಳೆ ಬಿಡುತ್ತಿದ್ದ. ಪಕ್ಕದ ಬಾವಿಯ ನೀರು ಈಗ ಗಿಡಕ್ಕೂ ಹಾಕುವ ಹಾಗಿಲ್ಲ. ಲಡಾಖ್‌ನಲ್ಲಿ ಬಿಡುವ ಕೊಳೆ ಎಲ್ಲಿಗೆ ಹೋಗುತ್ತದೆ? ಕೆಳಗೆ ಯಾರೋ ಕುಡಿಯುವ ಹೊಳೆಗೆ. ಹಾಗಾಗಿ ಟೆಂಟ್ ಮಡಚುವುದು ಸಾಲದು, ಗುಂಡಿಯನ್ನೂ ಖಾಲಿ ಮಾಡಿ ಒಯ್ಯಬೇಕು ಅಂತ ಬರೆಯಬೇಕು.

ಗಾಟಾ ಲೂಪ್ಸ್‌ನ ಬಾಟಲಿ ಗುಡಿ ಯಾರೂ ಹೇಳಲಿಲ್ಲವಲ್ಲ? 21 ತಿರುವು ಹತ್ತುವ ಆ ಜಾಗದಲ್ಲಿ ಒಂದು ಪುಟ್ಟ ಗೂಡು ಇದೆ. ಹಿಮದಲ್ಲಿ ಸಿಕ್ಕಿಬಿದ್ದ ಲಾರಿ ಕ್ಲೀನರ್ ಒಬ್ಬ ನೀರಿಲ್ಲದೆ ಸತ್ತನಂತೆ, ಅವನ ದೆವ್ವ ಹೋಗಿ ಬರುವವರ ಹತ್ತಿರ ನೀರು ಕೇಳುತ್ತದಂತೆ. ಅದಕ್ಕೆ ಎಲ್ಲರೂ ಒಂದೊಂದು ಬಾಟಲಿ ಇಟ್ಟು ಹೋಗುತ್ತಾರೆ. ಕೆಲವರು ಸಿಗರೇಟೂ ಇಡುತ್ತಾರೆ. ಈಗ ಬಾಟಲಿಯ ಗುಡ್ಡವೇ ಆಗಿದೆ. ಬಿಸಿಲಿಗೆ ಪ್ಲಾಸ್ಟಿಕ್ ಹಳದಿ ತಿರುಗಿದೆ. ಆ ದೆವ್ವಕ್ಕೆ ಬಾಯಾರಿಕೆ ಹೋಗಿರಬಹುದು, ಬಾಟಲಿಯ ಕೆಳಗಿಂದ ಎದ್ದು ಬರಲು ಆಗುತ್ತಿಲ್ಲ.

ಲೇಹ್ ಪೇಟೆಯಲ್ಲಿ ಜೋಮ್ಸಾ ಅಂತ ಒಂದು ಅಂಗಡಿ ಇದೆ. ಕುದಿಸಿ ಆರಿಸಿದ ನೀರನ್ನು ನಮ್ಮ ಬಾಟಲಿಗೇ ತುಂಬಿಸಿ ಕೊಡುತ್ತಾರೆ. ಅಂಥದ್ದು ದಾರಿಯಲ್ಲಿ ನಾಲ್ಕು ಇದ್ದರೆ ಸಾಕು ಅನಿಸುತ್ತೆ ನನಗೆ.

ದಾರ್ಚಾದಿಂದ ಲಡಾಖ್‌ನ ಝನ್ಸ್ಕಾರ್ ಕಡೆಗೆ ಹೋಗುವ ಶಿಂಕು ಲಾ ಸುರಂಗದ ಕೆಲಸ 2024ರ ಜುಲೈನಲ್ಲಿ ಶುರುವಾಯಿತು. 4.1 ಕಿಲೋಮೀಟರ್. ಅದು ಮುಗಿದರೆ ಝನ್ಸ್ಕಾರ್‌ಗೆ ವರ್ಷವಿಡೀ ದಾರಿ. ಅಟಲ್ ಸುರಂಗ ಆದ ಮೇಲೆ ಸಿಸ್ಸು ಏನಾಯಿತು ಅಂತ ನೋಡಿದ್ದೀರಿ, ಹಳ್ಳಿಗಿಂತ ಪಾರ್ಕಿಂಗ್ ದೊಡ್ಡದು. ಕಕ್ಕಸು, ನೀರು, ಕಸ ಎಲ್ಲ ಸುರಂಗ ತೆರೆಯುವ ಮೊದಲೇ ಆಗಬೇಕು. ಮಂದಿ ಬಂದ ಮೇಲೆ ಜಾಗ ಹುಡುಕಿದರೆ ನಮ್ಮ ಹಾಗೇ ಆಗುತ್ತದೆ.


ಬೈಕ್ ಬಸ್ಯಾ, ಪುಣೆ:

ಅಂದರೆ ನಾವು ಹೋಗಲೇಬಾರದಾ ಅಕ್ಕಾ?


ಮಡಗಾಂವ್ ಮೀನು:

ಹೋಗು ಮಾರಾಯಾ. ಬಾಟಲಿ ವಾಪಸ್ ತಾ.


ಮಾಟುಂಗಾ ಮಾಮ:

ಮೀನಿನ ಮಾತು ನೂರಕ್ಕೆ ನೂರು. ಒಳಬಾಡಿಗೆ ಅನ್ನುವುದು ನಮ್ಮ ಹೋಟೆಲ್ ಧಂದೆಯಲ್ಲೂ ಹಳೇ ರೋಗ.

15 ವರ್ಷದ ಲೈಸೆನ್ಸ್ ಅಂದರೆ ಡಿಪಾಸಿಟ್, ಕಟ್ಟಡದ ಖರ್ಚು, ಬ್ಯಾಂಕ್ ಸಾಲ. ಪಾಂಗ್‌ನಲ್ಲಿ ಕುಕ್ಕರ್ ಇಟ್ಟುಕೊಂಡ ಹೆಂಗಸಿಗೆ ಆ ಬಾಗಿಲು ತೆರೆಯುವುದಿಲ್ಲ. ದೆಹಲಿಯ ಯಾರೋ ತೆಗೆದುಕೊಳ್ಳುತ್ತಾರೆ, ಅವಳನ್ನೇ ಅಲ್ಲಿ ಪಾತ್ರೆ ತೊಳೆಯಲು ಇಟ್ಟುಕೊಳ್ಳುತ್ತಾರೆ. ನನ್ನ ಲೆಕ್ಕ ಹೀಗೆ. ಗೋಡೆ, ಮಾಡು, ಒಣ ಕಕ್ಕಸು ಸರಕಾರ ಕಟ್ಟಲಿ. ಅಡಿಗೆ ಅವರು ಮಾಡುತ್ತಿರುವ ಹಾಗೇ ಟೆಂಟಿನಲ್ಲೇ ಇರಲಿ. ಕಕ್ಕಸು ನೋಡಿಕೊಳ್ಳುವ ಟೆಂಟಿಗೆ ಸೀಸನ್‌ಗೆ ಇಷ್ಟು ಅಂತ ಕೈಗೆ ಸಂಬಳ, ಮತ್ತೆ ಟೆಂಟಿನ ಜಾಗಕ್ಕೆ ಬಾಡಿಗೆ ಮಾಫಿ. ಕಕ್ಕಸು ಗಲೀಜಾದರೆ ಮುಂದಿನ ವರ್ಷ ಆ ಜಾಗ ಇನ್ನೊಬ್ಬಳಿಗೆ. ನೋಡಿ ಹೇಗೆ ಹೊಳೆಯುತ್ತದೆ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ. ದುಡ್ಡು ಕೊಟ್ಟು ಹೋಗುವ ಕಕ್ಕಸು ದಾದರ್ ಸ್ಟೇಷನ್‌ನಲ್ಲಿ ನಡೆಯುತ್ತದೆ, ಅಲ್ಲಿ ಜನ ನಿಲ್ಲುವುದೇ ಇಲ್ಲ. 1970ರಲ್ಲಿ ಬಿಹಾರದಲ್ಲಿ ಹುಟ್ಟಿದ ಸುಲಭ್ ಸಂಸ್ಥೆಯವರು ಅದನ್ನು ದೇಶಕ್ಕೇ ಕಲಿಸಿದರು. ಆದರೆ ಪಾಂಗ್‌ನಲ್ಲಿ ಮಳೆಗೋ ಭೂಕುಸಿತಕ್ಕೋ ರಸ್ತೆ ಬಂದ್ ಆದರೆ ಎರಡು ದಿನ ನರಪಿಳ್ಳೆ ಇಲ್ಲ. ಹತ್ತು ಹತ್ತು ರೂಪಾಯಿ ಎಣಿಸಿ ಅಲ್ಲಿ ಸಂಬಳ ಹುಟ್ಟುವುದಿಲ್ಲ. ನಾವು ಹೋದಾಗ ಲೇಹ್‌ನಲ್ಲಿ ಪರಿಸರ ಶುಲ್ಕ ಅಂತ ತಲೆಗೆ 400 ರೂಪಾಯಿ ತೆಗೆದುಕೊಂಡರು. ಅದರಲ್ಲಿ ಒಂದು ಪಾಲು ಆ ಹೆಂಗಸಿನ ಕೈಗೆ ಹೋಗಲಿ. ನಾನಂತೂ 500 ಕೊಡಲಿಕ್ಕೂ ತಯಾರು, ರಸೀದಿಯಲ್ಲಿ ಕಕ್ಕಸು ಅಂತ ಬರೆದಿದ್ದರೆ.


ಖಡಕಿ ಫೌಜಿ:

ಮಾಮ, ಒಂದೇ ತಿದ್ದುಪಡಿ. ಟೆಂಟಿಗೆ ಕೊಡುವ ಜಾಗ ಬಹಳ ಕಡೆ ಸೇನೆಯ ಕ್ಯಾಂಪಿನ ಪಕ್ಕ. ಕಾನ್ವಾಯ್ ಬಂದರೆ ದಾರಿ ಬಿಡಬೇಕು, ರಾತ್ರೋರಾತ್ರಿ ಜಾಗ ಖಾಲಿ ಮಾಡು ಅಂದರೂ ಮಾಡಬೇಕು. ಆ ರಸ್ತೆ ಮೊದಲು ಇರುವುದು ಸೇನೆಗೆ, ಆಮೇಲೆ ನಮಗೆ. ಮಡಚುವ ಟೆಂಟೇ ಅಲ್ಲಿ ಸರಿ ಅನ್ನುವುದಕ್ಕೆ ಅದೂ ಒಂದು ಕಾರಣ. ಉಳಿದದ್ದಕ್ಕೆ ನನ್ನ ಸಲಾಂ.

ದುಮ್ಕಾದವರ ಗುಡಿಸಲ ಹತ್ತಿರವೂ ಒಂದೊಂದು ಒಣ ಕಕ್ಕಸು ಸೇರಿಸಿಕೊಳ್ಳಿ ನಿಮ್ಮ ಲೆಕ್ಕದಲ್ಲಿ. ಮಣ್ಣು ಅಲ್ಲೇ ಇದೆ, ಸಲಿಕೆ ಅವರ ಕೈಯಲ್ಲೇ ಇದೆ.


ವಾಶಿ ಅಜ್ಜಿ:

ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಕಡಿಮೆ. ಮುಂದಿನ ಜೂನ್‌ಗೆ ನಮ್ಮ ಭಜನಾ ಮಂಡಳಿಯ ಏಳು ಜನ ಹೆಂಗಸರು ಇದೇ ದಾರಿಯಲ್ಲಿ ಹೊರಟಿದ್ದೇವೆ. ಬುಕಿಂಗ್ ಆಗಿಹೋಗಿದೆ. ಇದನ್ನೆಲ್ಲ ಓದಿ ಇಬ್ಬರು ಬರುವುದಿಲ್ಲ ಅನ್ನುತ್ತಿದ್ದಾರೆ. ಸರಕಾರ ಕಟ್ಟುವವರೆಗೆ ಕಾಯುವ ವಯಸ್ಸು ನಮ್ಮದಲ್ಲ. ಏನು ತೆಗೆದುಕೊಂಡು ಹೋಗಬೇಕು, ಅಷ್ಟು ಹೇಳಿ.


ಥಾಣೆ ಟೀಚರ್:

ಅಜ್ಜಿ, ಖಂಡಿತ ಹೋಗಿ. ಎಲ್ಲರೂ ಮೊದಲು ಡಾಕ್ಟರನ್ನು ಕೇಳಿ, ಜಿಸ್ಪಾದಲ್ಲಿ ಎರಡು ರಾತ್ರಿ ಇರಿ. ಕಪ್ಪು ಬಣ್ಣದ ದೊಡ್ಡ ಚೀಲ, ಒದ್ದೆ ಟಿಶ್ಯೂ, ಸಾಬೂನಿನ ಕಾಗದ ಇರಲಿ. ಸೀರೆಗಿಂತ ಅಗಲದ ಲಂಗ ವಾಸಿ, ಅದೇ ಅರ್ಧ ಕಕ್ಕಸು. ಟೆಂಟಿನಲ್ಲಿ ಚಹಾ ಕುಡಿಯುವ ಮೊದಲೇ ಹೆಂಗಸಿನ ಹತ್ತಿರ ಕೇಳಿಬಿಡಿ, ಅವರು ಇಲ್ಲ ಅನ್ನುವುದಿಲ್ಲ. ಮತ್ತೆ ನೀರು ಕುಡಿಯಿರಿ.


ಡೊಂಬಿವಲಿ ದಾರಿಹೋಕ:

ಅಕ್ಕ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಏಳು ಜನ ಇದ್ದರೆ ಶಾಲು ಬೇಡ, ಸುತ್ತ ನಿಂತರೆ ಗೋಡೆ ಆಯಿತು. ಕೊಡೆ ಎರಡು ಒಯ್ಯಿ. ಮೂರು ಮಡಿಕೆಯದ್ದು ಬೇಡ, ಅಜ್ಜನ ಕಾಲದ ಉದ್ದ ಕೋಲಿನದ್ದು. ಗಾಳಿ ಯಾವ ಕಡೆಯಿಂದ ಬರುತ್ತದೆ ಅಂತ ಮೊದಲು ನೋಡಿಕೊಂಡು ಬಿಡಿಸು."